ಮೂರು ಗ್ರಾಂ ಪಿತ್ತಾಮ್ಲದ ತಿರುಗಾಟ: ಕರುಳಿನ ಬೈಪಾಸ್ ಮತ್ತು ಜೀರ್ಣಕ್ರಿಯೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಬೈಪಾಸ್ ಎಂದ ಕೂಡಲೇ ನಮ್ಮಲ್ಲಿ ಬಹುಪಾಲು ಜನರ ಕೈ ಎದೆಯ ಕಡೆಗೆ ಹೋಗುತ್ತದೆ. ಈ ಸಂಜೆಯ ಮಾತು ಹೃದಯದ್ದಲ್ಲ, ಹೊಟ್ಟೆಯದು. ಸಣ್ಣ ಕರುಳಿನ ಒಂದು ಭಾಗವನ್ನು ಆಹಾರದ ದಾರಿಯಿಂದ ಹೊರಗಿಟ್ಟು, ಅದಕ್ಕಿಂತ ಮೇಲಿನ ಕರುಳಿನ ತುದಿಯನ್ನು ಕೆಳಗಿನ ಇನ್ನೊಂದು ಜಾಗಕ್ಕೆ ನೇರವಾಗಿ ಹೊಲಿಯುವುದನ್ನು ಕರುಳಿನ ಬೈಪಾಸ್ ಎನ್ನುತ್ತಾರೆ. ದಾರಿ ತಪ್ಪಿಸಿದ ತುಂಡನ್ನು ಕತ್ತರಿಸಿ ಬಿಸಾಡುವುದಿಲ್ಲ; ಅದು ಒಳಗೇ ಇರುತ್ತದೆ, ಅದರಲ್ಲಿ ರಕ್ತವೂ ಹರಿಯುತ್ತಿರುತ್ತದೆ, ಆದರೆ ಊಟ ಆ ಕಡೆ ಸುಳಿಯುವುದಿಲ್ಲ. ಹೆದ್ದಾರಿ ಊರಾಚೆಗೆ ಹಾದುಹೋದ ಮೇಲೆ ಊರೊಳಗಿನ ಹೋಟೆಲುಗಳಿಗೆ ಒದಗುವ ಗತಿಯೇ ಆ ತುಂಡಿಗೂ ಒದಗುತ್ತದೆ. ಎಷ್ಟು ಉದ್ದದ ಕರುಳನ್ನು ಹೊರಗಿಟ್ಟರು ಎಂಬುದು ಮುಖ್ಯವೇ, ಆದರೆ ಯಾವ ಭಾಗವನ್ನು ಹೊರಗಿಟ್ಟರು ಎಂಬುದು ಅದಕ್ಕಿಂತಲೂ ಮುಖ್ಯ. ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್‌ಗೆ, ಬೇರೆ ಯಾವ ಭಾಗವೂ ವಹಿಸಿಕೊಳ್ಳಲಾರದ ಒಂದು ಕೆಲಸವಿದೆ: ಪಿತ್ತಾಮ್ಲಗಳನ್ನು ಹಿಡಿದು ಲಿವರ್‌ಗೆ ಮರಳಿಸುವುದು.

ಪಿತ್ತ ಎಂಬ ಮಾತು ನಮಗೆ ಹೊಸದಲ್ಲ. ಪಿತ್ತ ನೆತ್ತಿಗೇರುತ್ತದೆ, ಪಿತ್ತ ಕೆದರುತ್ತದೆ. ಆಯುರ್ವೇದದಲ್ಲಿ ಅದಕ್ಕೆ ಬೇರೆಯೇ ಅರ್ಥವ್ಯಾಪ್ತಿ ಇದೆ. ನಾನು ಇಲ್ಲಿ ಹೇಳುತ್ತಿರುವುದು ಲಿವರ್ ತಯಾರಿಸಿ ಪಿತ್ತಕೋಶದಲ್ಲಿ ಕೂಡಿಟ್ಟು ಊಟದ ಹೊತ್ತಿಗೆ ಕರುಳಿಗೆ ಸುರಿಯುವ ಹಳದಿ-ಹಸಿರು ದ್ರವವನ್ನು ಕುರಿತು ಮಾತ್ರ. ಅದರ ಬಣ್ಣ ಹಳೆಯ ರಕ್ತಕಣಗಳ ಕಸದಿಂದ ಬಂದದ್ದು, ಜೀರ್ಣಕ್ಕೆ ಅದರಿಂದ ಉಪಯೋಗವಿಲ್ಲ. ಉಪಯೋಗವಿರುವುದು ಅದರೊಳಗಿನ ಪಿತ್ತಾಮ್ಲಗಳಿಗೆ. ದೀಪಾವಳಿಯ ಎಣ್ಣೆಸ್ನಾನದಲ್ಲಿ ಬರೀ ನೀರು ಹುಯ್ದರೆ ತಲೆಯ ಎಣ್ಣೆ ಹೋಗುವುದಿಲ್ಲ, ಸೀಗೆಪುಡಿ ಬೇಕು. ಏಕೆಂದರೆ ಸೀಗೆಯ ನೊರೆಯಲ್ಲಿರುವ ಅಣುವಿನ ಒಂದು ಬದಿಗೆ ಎಣ್ಣೆ ಇಷ್ಟ, ಇನ್ನೊಂದು ಬದಿಗೆ ನೀರು ಇಷ್ಟ. ಪಿತ್ತಾಮ್ಲದ ಅಣುವೂ ಅದೇ ಜಾತಿಯದು. ಮೇದೋಜೀರಕ ಗ್ರಂಥಿಯ ಕಿಣ್ವಗಳು ತುಪ್ಪ-ಎಣ್ಣೆಯನ್ನು ಒಡೆದು ಕೊಟ್ಟ ಚೂರುಗಳನ್ನು ಪಿತ್ತಾಮ್ಲಗಳು ಸುತ್ತುವರಿದು, ಮೈಸೆಲ್ ಎಂಬ ಅತಿ ಸೂಕ್ಷ್ಮ ಗುಂಪುಗಳನ್ನಾಗಿ ಮಾಡಿ, ಕರುಳಿನ ಗೋಡೆಯ ಬಳಿಯ ನೀರಿನ ಪದರವನ್ನು ದಾಟಿಸುತ್ತವೆ. ಎ, ಡಿ, ಇ, ಕೆ ಎಂಬ ನಾಲ್ಕು ವಿಟಮಿನ್‌ಗಳು ಒಳಗೆ ಹೋಗುವುದೂ ಇದೇ ಸವಾರಿಯಲ್ಲಿ.

ಇಷ್ಟು ದೊಡ್ಡ ಕೆಲಸ ಮಾಡುವ ಪಿತ್ತಾಮ್ಲ ನಮ್ಮ ಮೈಯಲ್ಲಿ ಒಟ್ಟು ಎಷ್ಟಿದೆ ಎಂದರೆ, ಹೆಚ್ಚುಕಡಿಮೆ 3 ಗ್ರಾಂ. ಚಹಾಕ್ಕೆ ಹಾಕುವ ಒಂದು ಚಿಕ್ಕ ಚಮಚ ಸಕ್ಕರೆಗಿಂತಲೂ ಕಡಿಮೆ. ದಿನದ ಊಟದ ಐವತ್ತು-ಅರವತ್ತು ಗ್ರಾಂ ಜಿಡ್ಡನ್ನು ಇಷ್ಟರಿಂದ ನಿಭಾಯಿಸಲಾಗುವುದು ಅದು ಸುತ್ತುತ್ತಲೇ ಇರುವುದರಿಂದ. ಸಣ್ಣ ಊರಿನ ಬಸ್ ಡಿಪೋವನ್ನು ನೆನೆಯಿರಿ: ಬಸ್ಸುಗಳು ಕೆಲವೇ, ಟ್ರಿಪ್ಪುಗಳು ಮಾತ್ರ ಹಲವು. ಪಿತ್ತಾಮ್ಲದ ದಾಸ್ತಾನು ಲಿವರ್‌ನಿಂದ ಕರುಳಿಗೆ ಇಳಿದು, ಇಲಿಯಮ್‌ನಲ್ಲಿ ಹೀರಲ್ಪಟ್ಟು, ಕರುಳಿನಿಂದ ಲಿವರ್‌ಗೆ ಹೋಗುವ ರಕ್ತನಾಳದ ಮೂಲಕ ಮತ್ತೆ ಡಿಪೋ ಸೇರುವ ಈ ಸುತ್ತನ್ನು ದಿನಕ್ಕೆ ಆರರಿಂದ ಹತ್ತು ಬಾರಿ ಮುಗಿಸುತ್ತದೆ. ಒಂದು ಸುತ್ತಿನಲ್ಲಿ ನೂರಕ್ಕೆ 95ಕ್ಕಿಂತಲೂ ಹೆಚ್ಚು ಭಾಗ ಹಿಂದಿರುಗುತ್ತದೆ. ದಿನದ ಕೊನೆಗೆ ಮಲದಲ್ಲಿ ಕಳೆದುಹೋಗುವುದು ಸುಮಾರು ಅರ್ಧ ಗ್ರಾಂ. ಅಷ್ಟನ್ನು ಲಿವರ್ ಕೊಲೆಸ್ಟರಾಲ್‌ನಿಂದ ಹೊಸದಾಗಿ ಮಾಡಿ ಲೆಕ್ಕ ಸರಿದೂಗಿಸುತ್ತದೆ.

ಇಲ್ಲಿ ಒಂದು ಜಾಣತನವಿದೆ, ಅದನ್ನು ಗಮನಿಸದೆ ಮುಂದೆ ಹೋಗುವಂತಿಲ್ಲ. ಜಿಡ್ಡು ಹೀರಲ್ಪಡುವುದು ಬಹುಮಟ್ಟಿಗೆ ಸಣ್ಣ ಕರುಳಿನ ಮೇಲಿನ ಭಾಗದಲ್ಲಿ, ಜೆಜುನಮ್‌ನಲ್ಲಿ. ಅಲ್ಲಿಯೇ ಪಿತ್ತಾಮ್ಲವೂ ಹೀರಲ್ಪಟ್ಟಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ಅದಕ್ಕೆಂದೇ ಲಿವರ್ ಪ್ರತಿಯೊಂದು ಪಿತ್ತಾಮ್ಲಕ್ಕೂ ಗ್ಲೈಸಿನ್ ಅಥವಾ ಟಾರಿನ್ ಎಂಬ ಬಾಲ ಕಟ್ಟಿ ಕಳಿಸುತ್ತದೆ. ಬಾಲ ಹೊತ್ತ ಅಣು ಕರುಳಿನ ಗೋಡೆಯನ್ನು ತಾನಾಗಿ ತೂರಿ ಹೋಗಲಾರದು. ಆದ್ದರಿಂದ ಜಿಡ್ಡನ್ನು ದಾಟಿಸಿ, ತಾನು ಮಾತ್ರ ಕರುಳಿನೊಳಗೇ ಉಳಿದು, ಮೀಟರುಗಟ್ಟಲೆ ಕೆಳಗೆ ಸಾಗಿ ಇಲಿಯಮ್‌ನ ಕೊನೆಗೆ ಬರುತ್ತದೆ. ಅದಕ್ಕೆಂದೇ ಇರುವ ಸಾಗಣೆ ಪ್ರೋಟೀನು ಅಲ್ಲಿ ಅದನ್ನು ಕೈಹಿಡಿದು ಒಳಗೆ ಕರೆದುಕೊಳ್ಳುತ್ತದೆ. ಬಿ-12 ವಿಟಮಿನ್ನಿನ ಬಾಗಿಲೂ ಅದೇ ಓಣಿಯಲ್ಲಿದೆ. ಹೀಗಾಗಿ ಇಲಿಯಮ್ಮಿನ ತುದಿಗೆ ಧಕ್ಕೆಯಾದರೆ ಎರಡೂ ಒಟ್ಟಿಗೆ ಕೈಬಿಡುತ್ತವೆ.

ಬೈಪಾಸ್ ಮಾಡಿಸಿಕೊಳ್ಳದವರಲ್ಲೂ ಈ ಧಕ್ಕೆ ಕಾಣುತ್ತದೆ. ನಮ್ಮ ದೇಶದಲ್ಲಿ ಕರುಳಿಗೆ ಬರುವ ಕ್ಷಯ ಬಹಳ ಸಲ ಹುಡುಕಿಕೊಂಡು ಹೋಗುವುದು ಇಲಿಯಮ್ ಮತ್ತು ದೊಡ್ಡ ಕರುಳು ಕೂಡುವ ಜಾಗವನ್ನೇ. ಕರುಳಿನ ಗೋಡೆ ದೀರ್ಘಕಾಲ ಉರಿಯೂತದಿಂದ ಬಾತುಕೊಳ್ಳುವ ಕ್ರೋನ್ಸ್ ಕಾಯಿಲೆಗೂ ಆ ಜಾಗವೇ ಪ್ರಿಯ. ಕರುಳು ಕಟ್ಟಿಕೊಂಡಾಗ ಶಸ್ತ್ರವೈದ್ಯರು ಆ ಭಾಗವನ್ನು ತೆಗೆಯಬೇಕಾಗುತ್ತದೆ. ಹೀಗೆ ಇಲಿಯಮ್ಮಿನ ಸುಮಾರು ಒಂದೂವರೆ ಅಡಿ ಕಳೆದುಕೊಂಡಿದ್ದ ನಿವೃತ್ತ ಮೇಷ್ಟ್ರೊಬ್ಬರು ನನ್ನ ಬಳಿ ಬಂದಿದ್ದರು. ಕ್ಷಯ ಗುಣವಾಗಿತ್ತು, ತೂಕವೂ ಮರಳಿತ್ತು, ಆದರೆ ಅವರ ಮಾತಿನಲ್ಲೇ ಹೇಳುವುದಾದರೆ, "ಡಾಕ್ಟ್ರೇ, ತಿಂಡಿ ತಿಂದು ಕೈ ತೊಳೆಯೋದ್ರೊಳಗೆ ಓಡಬೇಕು. ಬಸ್ಸು ಹತ್ತೋ ಧೈರ್ಯ ಇಲ್ಲ." ಮಲ ನೀರಾಗಿ, ಹಸಿರು ಮಿಶ್ರಿತ ಹಳದಿಯಾಗಿ ಹೋಗುತ್ತಿತ್ತು, ಬೆಳಗಿನ ತಿಂಡಿಯ ನಂತರ ಕಾಟ ಹೆಚ್ಚು. ಅವರಿಗೆ ಆಮಶಂಕೆಯ ಔಷಧಿಯನ್ನು ಮೂರು ಸುತ್ತು ಕೊಟ್ಟಾಗಿತ್ತು.

ಅವರಿಗೆ ಆಗುತ್ತಿದ್ದುದು ಇಷ್ಟು. ಇಲಿಯಮ್‌ನಲ್ಲಿ ಹಿಡಿಯಲಾಗದೆ ತಪ್ಪಿಸಿಕೊಂಡ ಪಿತ್ತಾಮ್ಲ ದೊಡ್ಡ ಕರುಳಿಗೆ ಬೀಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದರ ಬಾಲ ಕಿತ್ತು, ರೂಪ ಬದಲಿಸುತ್ತವೆ. ಹೀಗೆ ಹುಟ್ಟುವ ಡಿಆಕ್ಸಿಕೋಲಿಕ್ ಆಮ್ಲವೂ, ಮೂಲದ ಕೀನೋಡಿಆಕ್ಸಿಕೋಲಿಕ್ ಆಮ್ಲವೂ ದೊಡ್ಡ ಕರುಳಿನ ಗೋಡೆಯನ್ನು ಕೆರಳಿಸಿ ನೀರು, ಉಪ್ಪು ಸುರಿಸುವಂತೆ ಮಾಡುತ್ತವೆ. ರಾತ್ರಿಯೆಲ್ಲ ಪಿತ್ತಕೋಶದಲ್ಲಿ ಕೂಡಿದ್ದು ಬೆಳಗಿನ ತಿಂಡಿಗೆ ಒಮ್ಮೆಲೇ ಇಳಿಯುವುದರಿಂದ ಬೆಳಗಿನ ಕಾಟ ಜಾಸ್ತಿ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿದ್ದ ಅಲನ್ ಹಾಫ್‌ಮನ್ 1960-70ರ ದಶಕಗಳಲ್ಲಿ ಇದನ್ನು ಬಿಡಿಸಿ ತೋರಿಸಿದವರಲ್ಲಿ ಪ್ರಮುಖರು. ಇಲಿಯಮ್ಮಿನ ನಷ್ಟ ಸುಮಾರು 100 ಸೆಂಟಿಮೀಟರಿನೊಳಗಿದ್ದರೆ ಒಂದು ಬಗೆಯ ಭೇದಿ, ಅದಕ್ಕೆ ಮೀರಿದರೆ ಇನ್ನೊಂದು ಬಗೆಯದು ಎಂಬ ಅವರ ವಿಂಗಡಣೆಯನ್ನು ನಾವು ಇಂದಿಗೂ ವಾರ್ಡಿನಲ್ಲಿ ಬಳಸುತ್ತೇವೆ. ಕಡಿಮೆ ನಷ್ಟವಾದಾಗ ಲಿವರ್ ತನ್ನ ಉತ್ಪಾದನೆಯನ್ನು ಹಲವು ಪಟ್ಟು ಏರಿಸಿ ದಾಸ್ತಾನನ್ನು ಕಾಯ್ದುಕೊಳ್ಳುತ್ತದೆ. ಜಿಡ್ಡು ಜೀರ್ಣವಾಗುತ್ತದೆ, ಚೆಲ್ಲಿದ ಪಿತ್ತಾಮ್ಲದಿಂದ ನೀರುಭೇದಿ ಮಾತ್ರ ಆಗುತ್ತದೆ. ಪಿತ್ತಾಮ್ಲವನ್ನು ಕರುಳಿನಲ್ಲೇ ಕಟ್ಟಿಹಾಕುವ ಕೊಲೆಸ್ಟಿರಮಿನ್ ಪುಡಿ ಕೊಟ್ಟರೆ ಅದು ನಿಲ್ಲುತ್ತದೆ. ಮೇಷ್ಟ್ರಿಗೆ ಅದನ್ನೇ ಕೊಟ್ಟೆ; ಅವರು ಮುಂದಿನ ಭೇಟಿಗೆ ಬಸ್ಸಿನಲ್ಲಿ ಬಂದರು.

ನಷ್ಟ ಹೆಚ್ಚಾದಾಗ ಲಿವರ್ ಎಷ್ಟು ಹೆಣಗಿದರೂ ಸಾಲದು. ದಾಸ್ತಾನೇ ಬರಿದಾಗುತ್ತದೆ, ಮೈಸೆಲ್ ಕಟ್ಟಲು ಬೇಕಾದ ಸಾಂದ್ರತೆ ಸಿಗುವುದಿಲ್ಲ, ಜಿಡ್ಡು ಹಾಗೆಯೇ ಕೆಳಗಿಳಿಯುತ್ತದೆ. ಮಲ ಬಿಳಿಚಿಕೊಂಡು, ದುರ್ನಾತ ಬೀರಿ, ಎಣ್ಣೆಯ ಪಸೆಯೊಂದಿಗೆ ಬೇಸಿನ್ನಿಗೆ ಅಂಟಿಕೊಳ್ಳುತ್ತದೆ, ಎರಡು ಚೊಂಬು ನೀರು ಹುಯ್ದರೂ ಹೋಗುವುದಿಲ್ಲ. ಇವರಿಗೆ ಕೊಲೆಸ್ಟಿರಮಿನ್ ಕೊಟ್ಟರೆ ಉಳಿದ ಅಲ್ಪಸ್ವಲ್ಪವನ್ನೂ ಕಟ್ಟಿಹಾಕಿ ಕೆಡುಕೇ ಮಾಡಿದಂತಾಗುತ್ತದೆ. ಜಿಡ್ಡು ಕಡಿಮೆ ಮಾಡಿ, ಪಿತ್ತಾಮ್ಲದ ಹಂಗಿಲ್ಲದೆ ಹೀರಲ್ಪಡುವ ಮಧ್ಯಮ ಸರಪಳಿಯ ಕೊಬ್ಬನ್ನು, ಎಂದರೆ ಅಣುವಿನ ಇಂಗಾಲದ ಸರಪಳಿ ಅಷ್ಟು ಉದ್ದವಿಲ್ಲದ ಕೊಬ್ಬನ್ನು ಕೊಡಬೇಕು. ಕರಾವಳಿಯ ರೋಗಿಗಳು ತಕ್ಷಣ ಕೇಳುವ ಪ್ರಶ್ನೆ, "ನಮ್ಮ ತೆಂಗಿನೆಣ್ಣೆ ಅದೇ ಅಲ್ಲವೇ?" ಎಂದು. ಅಲ್ಲ. ತೆಂಗಿನೆಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ, ಅದು ಬಹುಮಟ್ಟಿಗೆ ಉದ್ದ ಸರಪಳಿಯ ಕೊಬ್ಬಿನಂತೆಯೇ ವರ್ತಿಸುತ್ತದೆ. ಚಿಕಿತ್ಸೆಗೆ ಬಳಸುವ ಎಣ್ಣೆಯನ್ನು ಅದಕ್ಕಿಂತ ಗಿಡ್ಡ ಸರಪಳಿಗಳಿಂದ ಬೇರೆಯಾಗಿ ತಯಾರಿಸಿರುತ್ತಾರೆ.

ಇಷ್ಟು ಹಿನ್ನೆಲೆಯಿಂದ ಬೈಪಾಸಿನ ಚರಿತ್ರೆಗೆ ಬರುತ್ತೇನೆ. 1954ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ರೆಮೆನ್, ಲಿನ್ನರ್ ಮತ್ತು ನೆಲ್ಸನ್ ಎಂಬ ಶಸ್ತ್ರವೈದ್ಯರು ನಾಯಿಗಳಲ್ಲಿ ಕರುಳಿನ ಮೇಲ್ಭಾಗ, ಕೆಳಭಾಗಗಳನ್ನು ಬೇರೆ ಬೇರೆಯಾಗಿ ದಾರಿ ತಪ್ಪಿಸಿ ನೋಡಿದರು. ಮೇಲಿನರ್ಧ ಹೋದರೆ ನಾಯಿಗಳು ಹೇಗೋ ಸುಧಾರಿಸಿಕೊಂಡವು. ಕೆಳಗಿನರ್ಧ ಹೋದಾಗ ಜಿಡ್ಡಿನ ಹೀರಿಕೆ ಕುಸಿದು ತೂಕ ಇಳಿಯಿತು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಆರಂಭ ಇದೇ. ಆಮೇಲೆ ಲಾಸ್ ಏಂಜಲೀಸ್‌ನ ಪೇನ್ ಮತ್ತು ಡಿವಿಂಡ್, ಮೊದಲು ಸಣ್ಣ ಕರುಳನ್ನು ನೇರವಾಗಿ ದೊಡ್ಡ ಕರುಳಿಗೇ ಜೋಡಿಸಿ ಕೈಸುಟ್ಟುಕೊಂಡು, 1969ರ ಹೊತ್ತಿಗೆ ಒಂದು ಅಳತೆಗೆ ಬಂದು ನಿಂತರು: ಜೆಜುನಮ್‌ನ ಮೊದಲ 14 ಇಂಚು, ಇಲಿಯಮ್‌ನ ಕೊನೆಯ 4 ಇಂಚು, ಎರಡನ್ನೂ ಸೇರಿಸಿ ಹೊಲಿಗೆ. ನಮ್ಮ ಸಣ್ಣ ಕರುಳು ಉದ್ದದಲ್ಲಿ ಹೆಚ್ಚುಕಡಿಮೆ ಒಂದು ಸೀರೆಯಷ್ಟು, ಐದೂವರೆ-ಆರು ಮೀಟರು. ಅದರಲ್ಲಿ ಊಟಕ್ಕೆ ಉಳಿದದ್ದು 45 ಸೆಂಟಿಮೀಟರು. ರವಿಕೆ ಕಣದ ಅರ್ಧದಷ್ಟು ಎನ್ನಿ.

ತೂಕ ಇಳಿಯಿತು, ಅದರಲ್ಲಿ ಅನುಮಾನವಿಲ್ಲ. ಇಳಿದದ್ದಕ್ಕೆ ಹೀರಿಕೆಯ ನಷ್ಟ ಮಾತ್ರ ಕಾರಣವಲ್ಲ. ತಿಂದ ಕೂಡಲೇ ಭೇದಿ, ಹೊಟ್ಟೆಯುಬ್ಬರ ಶುರುವಾಗುವ ಭಯಕ್ಕೆ ಜನ ತಿನ್ನುವುದನ್ನೇ ಕಡಿಮೆ ಮಾಡಿದ್ದರು ಎಂಬುದು ನಂತರ ಅಳೆದು ನೋಡಿದಾಗ ತಿಳಿಯಿತು. ಆದರೆ ಕೊನೆಯ 4 ಇಂಚು ಇಲಿಯಮ್ಮಿಗೆ ಅಷ್ಟು ರಭಸದಲ್ಲಿ ಬಂದ ಪಿತ್ತಾಮ್ಲವನ್ನೆಲ್ಲ ಹಿಡಿಯುವ ಶಕ್ತಿ ಇರಲಿಲ್ಲ. ಹೊರಗುಳಿದ ಐದು ಮೀಟರು ಕರುಳು ನಿಂತ ಕೆರೆಯಂತಾಗಿ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದವು. ಕೀಲುನೋವು, ಚರ್ಮದ ಗಾಯಗಳು, ಪ್ರೋಟೀನಿನ ಕೊರತೆ, ಕೆಲವರಲ್ಲಿ ಪ್ರಾಣಕ್ಕೇ ಎರವಾಗುವ ಲಿವರ್ ವೈಫಲ್ಯ, ಇವೆಲ್ಲ ಬಂದವು. 1980ರ ದಶಕದ ಆರಂಭದ ಹೊತ್ತಿಗೆ ಈ ಶಸ್ತ್ರಚಿಕಿತ್ಸೆಯನ್ನು ಬಹುತೇಕ ಕೈಬಿಟ್ಟರು, ಮಾಡಿದ್ದವರನ್ನು ಎಷ್ಟೋ ಕಡೆ ಮತ್ತೆ ಮೊದಲಿನಂತೆ ಜೋಡಿಸಬೇಕಾಯಿತು.

ಈ ತೊಡಕುಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕರುಳಿನ ತಪ್ಪಿಗೆ ಮೂತ್ರಪಿಂಡ ದಂಡ ತೆರುವ ಸಂಗತಿ ಅದು. ಪಾಲಕ್, ಹರಿವೆಯಂಥ ಸೊಪ್ಪುಗಳಲ್ಲಿ ಆಕ್ಸಲೇಟ್ ಬೇಕಾದಷ್ಟಿದೆ. ಸಾಮಾನ್ಯವಾಗಿ ಊಟದ ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದು ಗಟ್ಟಿಯಾಗಿಸಿ ಮಲದೊಂದಿಗೆ ಕಳಿಸುತ್ತದೆ. ಪಿತ್ತಾಮ್ಲ ಸಾಲದೆ ಜಿಡ್ಡು ಹೀರಲ್ಪಡದಿದ್ದಾಗ, ಆ ಕೊಬ್ಬಿನಾಮ್ಲಗಳು ಕ್ಯಾಲ್ಸಿಯಮ್ಮನ್ನು ತಾವೇ ಕಬಳಿಸಿ ಸಾಬೂನಾಗುತ್ತವೆ. ಜೊತೆಗಾರನನ್ನು ಕಳೆದುಕೊಂಡ ಆಕ್ಸಲೇಟ್ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ಚೆಲ್ಲಿದ ಪಿತ್ತಾಮ್ಲ ಗೋಡೆಯನ್ನು ಮೊದಲೇ ಸಡಿಲ ಮಾಡಿಟ್ಟಿರುತ್ತದೆ. ಆಕ್ಸಲೇಟ್ ರಕ್ತಕ್ಕೆ ನುಗ್ಗಿ, ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಸಿಕ್ಕ ಕಡೆ ಕಲ್ಲಾಗುತ್ತದೆ. ಆದ್ದರಿಂದಲೇ ಇಂಥ ರೋಗಿಗೆ ಕಲ್ಲಾಗಿದೆ ಎಂದು ಕ್ಯಾಲ್ಸಿಯಂ ನಿಲ್ಲಿಸುವುದು ತಪ್ಪು. ಊಟದ ಜೊತೆಯಲ್ಲೇ ಕ್ಯಾಲ್ಸಿಯಂ ಕೊಡಬೇಕು, ಜಿಡ್ಡು ಮತ್ತು ಆ ಸೊಪ್ಪುಗಳನ್ನು ತಗ್ಗಿಸಬೇಕು, ನೀರು ಧಾರಾಳವಾಗಿ ಕುಡಿಸಬೇಕು.

ಅದೇ ಮಿನ್ನೆಸೋಟದಲ್ಲಿ ಇನ್ನೊಬ್ಬರು ಇದೇ ನಷ್ಟವನ್ನು ಲಾಭಕ್ಕೆ ತಿರುಗಿಸಲು ಹೊರಟಿದ್ದರು. ಹೆನ್ರಿ ಬುಚ್‌ವಾಲ್ಡ್ ಅವರ ತರ್ಕ ಸರಳ: ಪಿತ್ತಾಮ್ಲ ಆಗುವುದು ಕೊಲೆಸ್ಟರಾಲ್‌ನಿಂದ, ಪಿತ್ತಾಮ್ಲವನ್ನು ಬೇಕೆಂದೇ ಚೆಲ್ಲಿಸಿದರೆ ಲಿವರ್ ಅದನ್ನು ತುಂಬಿಕೊಡಲು ಕೊಲೆಸ್ಟರಾಲ್ ಖರ್ಚು ಮಾಡಲೇಬೇಕು. 1963ರಲ್ಲಿ ಅವರು ರಿಚರ್ಡ್ ವಾರ್ಕೋ ಜೊತೆ ಇಲಿಯಮ್ಮಿನ ಭಾಗಶಃ ಬೈಪಾಸನ್ನು ಆರಂಭಿಸಿದರು. ಸಣ್ಣ ಕರುಳಿನ ಕೊನೆಯ 200 ಸೆಂಟಿಮೀಟರನ್ನೋ ಒಟ್ಟು ಉದ್ದದ ಮೂರನೆಯ ಒಂದು ಭಾಗವನ್ನೋ, ಯಾವುದು ಹೆಚ್ಚೋ ಅಷ್ಟನ್ನು ಬದಿಗಿಟ್ಟು, ಮೇಲಿನ ತುದಿಯನ್ನು ದೊಡ್ಡ ಕರುಳಿನ ಆರಂಭಕ್ಕೆ ಹೊಲಿಯುವುದು. ಜೆಜುನಮ್ ಪೂರ್ತಿ ಉಳಿಯುವುದರಿಂದ ತೂಕ ಅಷ್ಟಾಗಿ ಇಳಿಯುವುದಿಲ್ಲ, ಗುರಿಯೂ ಅದಲ್ಲ.

ಈ ತರ್ಕವನ್ನು ಪರೀಕ್ಷಿಸಿದ ಪಾಶ್ ಎಂಬ ಅಧ್ಯಯನ ನನ್ನ ಅಭಿಪ್ರಾಯದಲ್ಲಿ ವೈದ್ಯಕೀಯದ ಅತ್ಯಂತ ಧೈರ್ಯದ ಪ್ರಯೋಗಗಳಲ್ಲೊಂದು, ಇಂದು ಅಷ್ಟೇ ಮರೆತುಹೋದದ್ದು ಕೂಡ. ಒಮ್ಮೆ ಹೃದಯಾಘಾತವಾಗಿ ಬದುಕುಳಿದ 838 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪಥ್ಯ ಮಾತ್ರ, ಇನ್ನೊಂದಕ್ಕೆ ಪಥ್ಯದ ಜೊತೆ ಬೈಪಾಸ್ ಎಂದು ಗೊತ್ತುಮಾಡಿ, ಸರಾಸರಿ 9.7 ವರ್ಷ ಹಿಂಬಾಲಿಸಿದರು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ಹೊತ್ತಿಗೆ ಕೆಟ್ಟ ಕೊಲೆಸ್ಟರಾಲ್ ಎಂದು ನಾವು ಕರೆಯುವ ಎಲ್‌ಡಿಎಲ್ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 37.7ರಷ್ಟು ಕಡಿಮೆ ಇತ್ತು; ಹೃದಯಾಘಾತ ಮತ್ತು ಹೃದ್ರೋಗದ ಸಾವು ಸೇರಿ ಶೇ. 35ರಷ್ಟು ಇಳಿದಿತ್ತು. ಒಟ್ಟು ಸಾವುಗಳ ಅಂತರ ಮಾತ್ರ ಆಗ ಸಂಖ್ಯಾಶಾಸ್ತ್ರ ಒಪ್ಪುವಷ್ಟು ದೊಡ್ಡದಾಗಿರಲಿಲ್ಲ. ಭೇದಿ, ಮೂತ್ರಪಿಂಡದ ಕಲ್ಲು, ಪಿತ್ತಕೋಶದ ಕಲ್ಲು, ಜೀವನಪರ್ಯಂತ ಬಿ-12 ಚುಚ್ಚುಮದ್ದು, ಇವು ತೆರಬೇಕಾದ ಬೆಲೆಗಳು. ಆದರೆ ಅಷ್ಟರೊಳಗೆ, 1987ರಲ್ಲಿ, ಕೊಲೆಸ್ಟರಾಲ್ ಇಳಿಸುವ ಮೊದಲ ಸ್ಟ್ಯಾಟಿನ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದಾಗಿತ್ತು. ಮಾತ್ರೆ ನುಂಗಿ ಆಗುವ ಕೆಲಸಕ್ಕೆ ಹೊಟ್ಟೆ ಕೊಯ್ಸಿಕೊಳ್ಳುವವರು ಯಾರು?

ಬುಚ್‌ವಾಲ್ಡ್ ಶುರುಮಾಡಿದಾಗ ಒಳಗಿನ ಸಂದೇಶವ್ಯವಸ್ಥೆ ಯಾರಿಗೂ ತಿಳಿದಿರಲಿಲ್ಲ. ಈಗ ತಿಳಿದಿದೆ. ಇಲಿಯಮ್ಮಿನ ಕೋಶಗಳು ಪಿತ್ತಾಮ್ಲವನ್ನು ಹೀರಿಕೊಂಡಾಗ ಒಳಗಿನ ಎಫ್‌ಎಕ್ಸ್‌ಆರ್ ಎಂಬ ಗ್ರಾಹಕ (ಸಂದೇಶ ಹಿಡಿಯುವ ಪ್ರೋಟೀನು) ಎಚ್ಚರಗೊಳ್ಳುತ್ತದೆ. ಅದು ಪಿತ್ತಾಮ್ಲದ ಗ್ರಾಹಕವೆಂದು ಗೊತ್ತಾದದ್ದು 1999ರಲ್ಲಿ. ಅದರ ಅಪ್ಪಣೆಯಂತೆ ಕರುಳು ಎಫ್‌ಜಿಎಫ್-19 ಎಂಬ ಹಾರ್ಮೋನನ್ನು ಲಿವರ್‌ಗೆ ಕಳಿಸುತ್ತದೆ. "ಇಲ್ಲಿ ಸಾಕಷ್ಟು ಬಂದಿದೆ, ತಯಾರಿ ನಿಲ್ಲಿಸು" ಎಂಬುದು ಅದರ ಒಕ್ಕಣೆ. ಇಲಿಯಮ್ ದಾರಿ ತಪ್ಪಿದರೆ ಆ ಪತ್ರವೇ ಬರುವುದಿಲ್ಲ. ಲಿವರ್ ಕಡಿವಾಣವಿಲ್ಲದೆ ಪಿತ್ತಾಮ್ಲ ತಯಾರಿಸುತ್ತ, ಕಚ್ಚಾವಸ್ತುವಾದ ಕೊಲೆಸ್ಟರಾಲ್‌ಗಾಗಿ ರಕ್ತದ ಎಲ್‌ಡಿಎಲ್ಲನ್ನು ಎಳೆದುಕೊಳ್ಳುತ್ತದೆ.

ಇಂದು ನಮ್ಮ ನಗರಗಳಲ್ಲಿ ತೂಕಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗಳು ಬೇರೆ. ರೂ-ಎನ್-ವೈ ಗ್ಯಾಸ್ಟ್ರಿಕ್ ಬೈಪಾಸಿನಲ್ಲಿ ಹೊಟ್ಟೆಯನ್ನು ಚಿಕ್ಕ ಚೀಲ ಮಾಡಿ, ಊಟದ ದಾರಿ ಒಂದು, ಪಿತ್ತರಸದ ದಾರಿ ಇನ್ನೊಂದು ಎಂದು ವಿಂಗಡಿಸಿ, ಎರಡನ್ನೂ ಕೆಳಗೆ ಕೂಡಿಸುತ್ತಾರೆ. ಇಲ್ಲಿ ಇಲಿಯಮ್ ತನ್ನ ಜಾಗದಲ್ಲೇ ದುಡಿಯುತ್ತಿರುತ್ತದೆ, ಆದ್ದರಿಂದ ಪಿತ್ತಾಮ್ಲ ಚೆಲ್ಲುವುದಿಲ್ಲ. ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಎಫ್‌ಜಿಎಫ್-19 ಕೂಡ ಏರುತ್ತದೆ. ಹಳೆಯ ಬೈಪಾಸಿಗೆ ಇದು ಸರಿಯಾಗಿ ತಿರುವುಮುರುವು. ಈ ಏರಿಕೆಯಿಂದಲೇ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ಉತ್ಸಾಹದಿಂದ ಹೇಳುವವರಿದ್ದಾರೆ. ಇಲಿಗಳಲ್ಲಿ ಎಫ್‌ಎಕ್ಸ್‌ಆರ್ ಇಲ್ಲವಾಗಿಸಿದರೆ ಹೊಟ್ಟೆ ಕಿರಿದಾಗಿಸುವ ಶಸ್ತ್ರಚಿಕಿತ್ಸೆಯ ಫಲ ಕುಗ್ಗುತ್ತದೆ ಎಂದು 2014ರಲ್ಲಿ ತೋರಿಸಿದ್ದು ನಿಜ. ಆದರೆ ಮನುಷ್ಯರಲ್ಲಿ ಸಕ್ಕರೆ ಇಳಿಯುವುದು ದಿನಗಳಲ್ಲಿ. ಕೆಲವು ಅಧ್ಯಯನಗಳಲ್ಲಿ ಪಿತ್ತಾಮ್ಲ ಏರಿದ್ದು ತಿಂಗಳುಗಳ ಮೇಲೆ. ಆಮೇಲೆ ಬಂದದ್ದು ಮೊದಲೇ ಆದದ್ದಕ್ಕೆ ಕಾರಣ ಎನ್ನಲು ನನಗೆ ಧೈರ್ಯ ಸಾಲದು.

ಇಟಲಿಯ ಜಿನೋವಾದಲ್ಲಿ ಸ್ಕೋಪಿನಾರೋ 1970ರ ದಶಕದಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆಯಲ್ಲಿ ಊಟ ಮತ್ತು ಪಿತ್ತರಸ ಜೊತೆಯಾಗಿ ಸಾಗುವ ಕರುಳು ಕೊನೆಯ 50 ಸೆಂಟಿಮೀಟರು ಮಾತ್ರ. ಮೈಸೆಲ್ ಕಟ್ಟಲು ಅಷ್ಟೇ ಅವಕಾಶ. ಇಂಥವರು ವಿಟಮಿನ್ ಮಾತ್ರೆಗಳನ್ನು ನಿರ್ಲಕ್ಷಿಸಿದರೆ, ಹಿಂದೆ ಬಡ ಮಕ್ಕಳಲ್ಲಿ ಕಾಣುತ್ತಿದ್ದ ಇರುಳುಗುರುಡು ನಡುವಯಸ್ಸಿನ ಅನುಕೂಲಸ್ಥರಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನು ತೂಕ ವೇಗವಾಗಿ ಇಳಿಯುವ ತಿಂಗಳುಗಳಲ್ಲಿ ಪಿತ್ತಕೋಶದ ಕಲ್ಲು ತಡೆಯಲು ಕೊಡುವ ಅರ್ಸೋಡಿಆಕ್ಸಿಕೋಲಿಕ್ ಆಮ್ಲವೂ ಒಂದು ಪಿತ್ತಾಮ್ಲವೇ. ಕರಡಿಯ ಪಿತ್ತದಲ್ಲಿ ಮೊದಲು ಸಿಕ್ಕಿದ್ದರಿಂದ ಲ್ಯಾಟಿನ್‌ನಲ್ಲಿ ಕರಡಿಯ ಹೆಸರು ಅದಕ್ಕೆ ಅಂಟಿಕೊಂಡಿದೆ.

ಬುಚ್‌ವಾಲ್ಡ್ ಕತ್ತರಿಯಿಂದ ಮುಚ್ಚಿದ ಬಾಗಿಲನ್ನು ಈಗ ಮಾತ್ರೆಯಿಂದ ಮುಚ್ಚಬಹುದು. ಇಲಿಯಮ್ಮಿನ ಸಾಗಣೆ ಪ್ರೋಟೀನನ್ನು ತಡೆಯುವ ಓಡೆವಿಕ್ಸಿಬ್ಯಾಟ್ ಎಂಬ ಔಷಧಿಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪಿತ್ತಾಮ್ಲ ಮೈಯಲ್ಲೇ ತುಂಬಿಕೊಂಡು ಹಗಲಿರುಳೂ ಕೆರೆದುಕೊಳ್ಳುವ, ಹುಟ್ಟಿನಿಂದ ಬರುವ ಒಂದು ಲಿವರ್ ಕಾಯಿಲೆಯ ಮಕ್ಕಳಿಗೆ ಅದನ್ನು ಕೊಡುತ್ತಾರೆ. ಅದೇ ಬಳಗದ ಎಲೋಬಿಕ್ಸಿಬ್ಯಾಟ್ 2018ರಿಂದ ಜಪಾನಿನಲ್ಲಿದೆ, ಮಲಬದ್ಧತೆಗೆ. ಬೈಪಾಸ್ ರೋಗಿಗಳನ್ನು ಗೋಳು ಹುಯ್ದುಕೊಂಡ ಭೇದಿಯನ್ನು ಅಲ್ಲಿ ಅಳತೆ ಮಾಡಿ ಬರೆದು ಕೊಡುತ್ತಾರೆ.

ಉಪನ್ಯಾಸದ ಕೊನೆಗೆ ಹಲವು ಪ್ರಶ್ನೆಗಳು ಬಂದವು. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ, ತಮ್ಮ ಯಜಮಾನರಿಗೆ ಕರುಳಿನ ಆಪರೇಷನ್ ಆಗಿ ಕೊಲೆಸ್ಟಿರಮಿನ್ ಪುಡಿ ಕೊಟ್ಟಿದ್ದಾರೆ, ಮಜ್ಜಿಗೆಯಲ್ಲಿ ಕಲೆಸಿ ಬೆಳಗಿನ ಥೈರಾಯ್ಡ್ ಮಾತ್ರೆಯ ಜೊತೆಗೇ ಕೊಟ್ಟುಬಿಡುತ್ತೇನೆ, ಮರೆಯಬಾರದಲ್ಲ ಎಂದರು. ಮಜ್ಜಿಗೆಗೆ ಅಡ್ಡಿಯಿಲ್ಲ ಅಮ್ಮ, ಒಣಪುಡಿ ಮಾತ್ರ ಬಾಯಿಗೆ ಹಾಕಬಾರದು ಎಂದೆ. ಆದರೆ ಆ ಪುಡಿಗೆ ಪಿತ್ತಾಮ್ಲ ಯಾವುದು, ಥೈರಾಯ್ಡ್ ಮಾತ್ರೆ ಯಾವುದು ಎಂಬ ಭೇದ ತಿಳಿಯುವುದಿಲ್ಲ, ಎರಡನ್ನೂ ಕಟ್ಟಿಹಾಕಿ ಹೊರಗೆ ಕಳಿಸುತ್ತದೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಎದ್ದ ಕೂಡಲೇ ಕೊಡಿ, ಪುಡಿಗೆ ಮಧ್ಯೆ ಕನಿಷ್ಠ ನಾಲ್ಕೈದು ಗಂಟೆ ಬಿಡಿ, ಹೊತ್ತು ಯಾವುದೆಂದು ನಿಮ್ಮ ಡಾಕ್ಟರ ಹತ್ತಿರ ಒಮ್ಮೆ ಗೊತ್ತುಮಾಡಿಕೊಳ್ಳಿ ಎಂದೆ. ಅವರು ಬ್ಯಾಗಿನಿಂದ ಪೆನ್ನು ತೆಗೆದು ಕೈಯಲ್ಲಿದ್ದ ಆಹ್ವಾನಪತ್ರಿಕೆಯ ಹಿಂದೆ ಬರೆದುಕೊಂಡರು.